ನೀಲಗಂಗಾಳ ಮೂಲ ಪ್ರತಿ

ಸುಮಿತ್ರಾ ಮಹಾದೇವಪ್ಪ ಹಾವಣಗಿ ಎಂಬ ಹೆಂಗಸಿಗೆ ಮೂಲ ಪ್ರತಿ ಇರಲಿಲ್ಲ.

ಪರದೆಯ ಮೇಲೆ ಹಾಗಂತ ಬಂದಿತ್ತು. ದಾಕ್ಷಾಯಿಣಿ ಇನ್ನೊಮ್ಮೆ ಹುಡುಕಿದಳು. ಅದೇ ಉತ್ತರ. ಹುಬ್ಬಳ್ಳಿಯ ನುಡಿಜತನ ಕೇಂದ್ರದ ಮರುಪಡೆ ವಿಭಾಗದಲ್ಲಿ ಅವಳಿಗೆ ಕೆಲಸ. ಹೋದ ವರ್ಷದಿಂದ ಈ ಉತ್ತರ ಹೆಚ್ಚಾಗಿತ್ತು, ಅವಳು ಅದನ್ನು ಎಷ್ಟೋ ಮನೆಯವರಿಗೆ ಓದಿ ಹೇಳಿದ್ದಳು. ಹೇಳಲು ಇಲಾಖೆಯೇ ಒಂದು ವಾಕ್ಯ ಕೊಟ್ಟಿತ್ತು: ‘ತಮ್ಮ ಸಂಬಂಧಿಕರ ಮೂಲ ಪ್ರತಿ ಲಭ್ಯವಿಲ್ಲ, ವಿಷಾದಿಸುತ್ತೇವೆ.’ ಕೆಲವರು ಅಳುತ್ತಿದ್ದರು, ಕೆಲವರು ಬೈಯುತ್ತಿದ್ದರು. ಅವಳು ಮುಂದಿನ ಟೋಕನ್ ಕರೆಯುತ್ತಿದ್ದಳು. ಈ ಸಲ ಹಾಗೆ ಮಾಡಲಾಗಲಿಲ್ಲ. ಸುಮಿತ್ರಾ ಅವಳ ತಾಯಿ.

ಲಕ್ವಾ ಹೊಡೆದು ಮಾತು ನಿಂತವರಿಗೆ ಮಾತನ್ನು ಹಿಂದಕ್ಕೆ ಕೊಡಬಹುದು ಎಂದು ಗೊತ್ತಾದ ಮೇಲೆ ಬಂದ ಯೋಜನೆ ನುಡಿಜತನ. ಹದಿನೆಂಟು ತುಂಬಿದವರು ಒಂದು ದಿನ ಶಿಬಿರಕ್ಕೆ ಹೋಗಬೇಕು. ತಂತಿಯ ಟೋಪಿ ಹಾಕಿಕೊಂಡು ಕೂತು ಮಾತನಾಡಬೇಕು. ತೋರಿಸಿದ ಚಿತ್ರದ ಹೆಸರು ಹೇಳಬೇಕು, ಗೊತ್ತಿದ್ದ ಕಥೆ ಹೇಳಬೇಕು, ಎದುರಿಗಿದ್ದವರ ಜೊತೆ ಸುಳ್ಳು ಜಗಳ ಆಡಬೇಕು. ಯಾವ ಮಾತು ಮಿದುಳಿನ ಯಾವ ದಾರಿಯಿಂದ ಹೊರಡುತ್ತದೆ ಎಂಬ ಪೂರ್ತಿ ನಕ್ಷೆ ಟೋಪಿಗೆ ಸಿಗುತ್ತದೆ. ಅದು ಮೂಲ ಪ್ರತಿ. ಆಮೇಲೆ ಐದು ವರ್ಷಕ್ಕೊಮ್ಮೆ ಅರ್ಧ ಗಂಟೆ ಕೂತರೆ ಸಾಕು. ಹಿಂದಿನದಕ್ಕಿಂತ ಏನು ಬದಲಾಗಿದೆಯೋ ಅಷ್ಟನ್ನೇ ಯಂತ್ರ ಬರೆದುಕೊಳ್ಳುತ್ತದೆ. ಅದಕ್ಕೆ ಸೇರ್ಪಡೆ ಎನ್ನುತ್ತಾರೆ. ಲಕ್ವಾ ಹೊಡೆದಾಗ ಮೂಲದ ಮೇಲೆ ಸೇರ್ಪಡೆಗಳನ್ನು ಒಂದರ ಮೇಲೊಂದು ಜೋಡಿಸಿ, ತಲೆಯೊಳಗೆ ಕೂದಲಿಗಿಂತ ಸಣ್ಣ ಎಳೆಗಳನ್ನು ಇಳಿಸಿ, ಸತ್ತ ಜಾಗದ ಪಕ್ಕದಲ್ಲಿ ಹೊಸ ದಾರಿ ಹಾಕುತ್ತಾರೆ. ನೆನಪಿಗೂ ಇದಕ್ಕೂ ಸಂಬಂಧವಿಲ್ಲ. ನೆನಪು ಎಲ್ಲ ಇದ್ದಲ್ಲೇ ಇರುತ್ತದೆ. ಅದನ್ನು ಹೇಳುವ ಮಾತು ಮಾತ್ರ ಇರುವುದಿಲ್ಲ.

ಇದು ಲಕ್ವಾ ಹೊಡೆದ ಎರಡು ತಿಂಗಳೊಳಗೆ ಆಗಬೇಕು. ಆಮೇಲೆ ಮಿದುಳು ಹೊಸ ದಾರಿ ಹಿಡಿಯುವುದಿಲ್ಲ. ಒಬ್ಬರಿಗೆ ಒಂದೇ ಸಲ. ಎರಡನೇ ಸಲ ಎಳೆ ಇಳಿಸಿಕೊಂಡವರು ಯಾರೂ ಬದುಕಿಲ್ಲ.

ಸುಮಿತ್ರಾಳ ಹೆಸರಿನಲ್ಲಿ ಆರು ಸೇರ್ಪಡೆಗಳಿದ್ದವು. ಮೂಲವಿಲ್ಲದೆ ಅವು ಕೆಲಸಕ್ಕೆ ಬಾರವು. ‘ಮೂರನೇ ಸಾಲಿನ ಎರಡನೇ ಪದ ತೆಗೆದು ಇದನ್ನು ಹಾಕು’ ಎಂಬಂಥ ಅಪ್ಪಣೆಗಳು ಅವು. ಮೂರನೇ ಸಾಲೇ ಇಲ್ಲದ ಮೇಲೆ ಯಾವುದನ್ನು ತೆಗೆಯುವುದು, ಎಲ್ಲಿ ಹಾಕುವುದು?

*

ದುರ್ಗದಬೈಲಿನ ಹಿಂದಿನ ಸಂದಿಯಲ್ಲಿ ಅವರ ಖಾನಾವಳಿ. ಅಡುಗೆ ಸುಮಾರಾಗಿಯೇ ಇರುತ್ತಿತ್ತು. ಜನ ಬರುತ್ತಿದ್ದದ್ದು ಸುಮಿತ್ರಾಳ ಬಾಯಿಗೆ. ಅವಳು ಬಡಿಸುತ್ತಲೇ ಬೈಯುತ್ತಿದ್ದಳು. ಬೈಸಿಕೊಳ್ಳದ ದಿನ ಗಿರಾಕಿಗೆ ಊಟ ಅರ್ಧವಾದಂತೆ ಅನಿಸುತ್ತಿತ್ತು.

ಹಂಚಿನಮನಿ ಮಾಸ್ತರರು ನಿವೃತ್ತ ಡ್ರಿಲ್ ಮಾಸ್ತರರು. ಹೆಂಡತಿ ಸತ್ತ ಮೇಲೆ ಎರಡು ಹೊತ್ತಿನ ಊಟ ಅಲ್ಲೇ. ಅವರು ಆರನೇ ರೊಟ್ಟಿಗೆ ಕೈ ಎತ್ತಿದರೆ ಸುಮಿತ್ರಾ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

“ಐದ್ ಆದುವೋ ಮಾಸ್ತರ. ಆರನೇದು ಎಲ್ಲೆ ಇಡ್ತಿ? ಹೊಟ್ಟಿ ಸಾಲೂದಿಲ್ಲಂತ ಬಾಜೂ ಮನಿ ಬಾಡಗಿ ಹಿಡದೀಯೇನು?”

ಖಾನಾವಳಿಯೇ ನಗುತ್ತಿತ್ತು. ಮಾಸ್ತರರೂ ನಗುತ್ತಿದ್ದರು. ರೊಟ್ಟಿ ಎಲೆಗೆ ಬೀಳುತ್ತಿತ್ತು.

ಈಗ ಅವಳು ಗಲ್ಲಾದ ಪಕ್ಕದ ಕುರ್ಚಿಯಲ್ಲಿ, ಬಲಗೈಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಇಷ್ಟು ವರ್ಷದ ಮಾತಿನಲ್ಲಿ ಒಂದೇ ಒಂದು ಪದ ಉಳಿದಿತ್ತು.

“ಯವ್ವಾ, ಹೆಂಗದೀ?” ಮಾಸ್ತರರು ಕೇಳಿದರು.

“ಆತು.”

“ಔಷಧ ತಗೊಂಡಿ?”

“ಆತು.”

“ನಾ ಇವತ್ತ ಹತ್ತ ರೊಟ್ಟಿ ತಿನ್ನಾಂವ. ಏನಂತಿ?”

ಸುಮಿತ್ರಾ ಅವರ ಮುಖ ನೋಡಿದಳು. ಏನೋ ಬರಬೇಕಿತ್ತು. “ಆತು,” ಅಂದಳು.

ಮಾಸ್ತರರು ಮೂರು ರೊಟ್ಟಿ ತಿಂದು ಎದ್ದರು.

ಗಲ್ಲಾದಲ್ಲಿ ಅಪ್ಪ ಮಹಾದೇವಪ್ಪ ಚಿಲ್ಲರೆ ಜೋಡಿಸುತ್ತಿದ್ದ. “ಏನಂದ್ರ ನಿಮ್ಮ ಆಫೀಸನ್ಯಾಗ?” ಎಂದು ಮಗಳನ್ನು ಕೇಳಿದ.

“ಮೂಲ ಸಿಗವಲ್ದು ಅಪ್ಪಾ.”

“ಸಿಗವಲ್ದು ಅಂದ್ರ? ನೀನ ಅಲ್ಲೆ ಕೆಲಸ ಮಾಡ್ತಿ. ಮಂದೀದೆಲ್ಲಾ ಹುಡುಕಿ ಕೊಡ್ತಿ, ನಿಮ್ಮವ್ವಂದ ಸಿಗೂದಿಲ್ಲಂದ್ರ ಹೆಂಗ?”

ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮಂದಿಯದನ್ನೂ ಹುಡುಕಿ ಕೊಟ್ಟಿರಲಿಲ್ಲ ಎಂದು ಹೇಳುವುದಿತ್ತು.

*

ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಿ, ವಾರದ ತಪಾಸಣೆಗೆ ಹೋದಾಗ. ಡಾಕ್ಟರ್ ಸಿಂಧೂರ ಹಾಸಿಗೆಯ ಎಡಕ್ಕೆ ನಿಂತು “ಸುಮಿತ್ರಾ ಅವರೇ, ಇಲ್ಲಿ ನೋಡಿ” ಎಂದು ಎರಡು ಮೂರು ಸಲ ಕರೆದರು. ಅವಳು ಚಾವಣಿ ನೋಡುತ್ತಲೇ ಇದ್ದಳು. ಡಾಕ್ಟರು ಏನೋ ಬರೆದುಕೊಂಡರು. ಅಷ್ಟರಲ್ಲಿ ನರಗುಂದದ ಕಡೆಯಿಂದ ಬಂದ ಸೋದರಮಾವ ಕಲ್ಲಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಮೊಸರಿನ ಡಬ್ಬಿ. ಅಕ್ಕನನ್ನು ನೋಡಿದವನೇ ಕೂಗಿದ:

“ನೀಲಕ್ಕಾ!”

ಸುಮಿತ್ರಾ ಗಕ್ಕನೆ ತಲೆ ತಿರುಗಿಸಿದಳು.

ದಾಕ್ಷಾಯಿಣಿ ಈ ಹೆಸರನ್ನು ಚಿಕ್ಕಂದಿನಿಂದ ಕೇಳಿದ್ದಳು. ಮಾವ ಪ್ರೀತಿಗೆ ಹಾಗೆ ಕರೆಯುತ್ತಾನೆ ಅಂದುಕೊಂಡಿದ್ದಳು. ಇವತ್ತು ಬೇರೆ ಥರ ಕೇಳಿಸಿತು. ಅವನನ್ನು ಹೊರಗೆ ಕರೆದುಕೊಂಡು ಹೋದಳು.

“ಮಾಮಾ, ಅವ್ವನ ತವರ ಹೆಸರು ಪೂರ್ತಿ ಏನು?”

“ನೀಲಗಂಗಾ. ನೀಲಗಂಗಾ ಚನ್ನಪ್ಪ ಬೆಳವಟಗಿ. ಯಾಕ?”

“ಯಾವಾಗ ಬದಲ್ ಮಾಡಿದ್ರು?”

“ಮದವ್ಯಾಗ. ತಟ್ಟ್ಯಾಗ ಅಕ್ಕಿ ಹಾಕಿ, ಉಂಗುರ ಹಿಡದು ನಿಮ್ಮಪ್ಪನ ಬರದಾ, ಸುಮಿತ್ರಾ ಅಂತ. ಅಕಿ ಅವತ್ತ ಭಾಳ ಅತ್ಲು. ಹೆಸರಿಗಲ್ಲ, ಹೊಸ ಚಪ್ಪಲಿ ಕಚ್ಚಿತ್ತು.” ಮಾವ ನಕ್ಕ. “ಹಂಗಂತ ಹೇಳಿದ್ಲು, ನಿಮ್ಮಪ್ಪ ಕೇಳಿದ್ದಕ್ಕ.”

*

ಕೇಂದ್ರದ ಮುಖ್ಯಸ್ಥ ಇಟಗಿ ಸಾಹೇಬರ ಕೋಣೆಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಶಸ್ತಿಪತ್ರವಿತ್ತು. ಹೋದ ವರ್ಷ ಅವರ ಸಮಿತಿ ಮಾಡಿದ ತೆರವಿಗೆ ಕೊಟ್ಟದ್ದು. ಇಪ್ಪತ್ತು ವರ್ಷ ಸೇರ್ಪಡೆ ಮಾಡಿಸಲು ಬಾರದವರ ಮೂಲ ಪ್ರತಿಗಳನ್ನು ‘ವಾರಸುದಾರರಿಲ್ಲದವು’ ಎಂದು ತೀರ್ಮಾನಿಸಿ ಸರ್ವರಿನಿಂದ ಅಳಿಸಿದ್ದರು. ಜಾಗ ಉಳಿದಿತ್ತು, ಕರೆಂಟು ಉಳಿದಿತ್ತು. ಅವತ್ತು ಎಲ್ಲರಿಗೂ ಧಾರವಾಡ ಪೇಡೆ ಹಂಚಿದ್ದರು. ದಾಕ್ಷಾಯಿಣಿಯೂ ತಿಂದಿದ್ದಳು.

ಅವಳು ತಾಯಿಯ ದಾಖಲೆಯನ್ನು ಪರದೆಗೆ ಹಾಕಿದಳು. ಆರೂ ಸೇರ್ಪಡೆಗಳು ಒಂದೇ ಮೂಲದ ಸಂಖ್ಯೆಯನ್ನು ತೋರಿಸುತ್ತಿದ್ದವು. ಆ ಸಂಖ್ಯೆ ನೀಲಗಂಗಾ ಎಂಬ ಹುಡುಗಿಯದು. ಮುಂದೆ ‘ತೆರವು’ ಎಂದಿತ್ತು.

“ಇಪ್ಪತ್ತ ವರ್ಷ ಈ ಹೆಸರನ್ಯಾಗ ಯಾರೂ ಬಂದಿಲ್ಲ ನೋಡವಾ,” ಇಟಗಿ ಅಂದರು. “ನಿಯಮದ ಪ್ರಕಾರ ತೆಗದದ್ದು. ಇವರೆಲ್ಲಾ ಸತ್ತಿರಬೇಕು, ಇಲ್ಲಾ ದೇಶ ಬಿಟ್ಟಿರಬೇಕು ಅಂತ ಹಿಡದಿವಿ.”

“ಸತ್ತಿಲ್ರಿ ಸರ್. ಮದವಿ ಆಗ್ಯಾರ.”

ಇಟಗಿ ಕನ್ನಡಕ ತೆಗೆದರು.

“ನೀವು ಅಳಿಸಿದ್ದು ಅರವತ್ತೊಂದ ಸಾವಿರ ಮೂಲ. ಅದರಾಗ ಗಂಡಸರದು ಎಷ್ಟ ಅದಾವಂತ ನೋಡೀನ್ರಿ. ನಾಕ ನೂರೂ ಇಲ್ಲ.”

“ಹಂಗೇನಿಲ್ಲ. ಲಿಂಗ ನೋಡಿ ತೆಗದದ್ದಲ್ಲ ಅದು. ಬರೇ ವರ್ಷದ ಲೆಕ್ಕ.”

“ನಿಮ್ಮ ಮನ್ಯಾಗ ಮೇಡಂ ಅವರ ತವರ ಹೆಸರೇನ್ರಿ ಸರ್?”

“ಯಾಕ?”

“ಹೇಳ್ರಿ.”

ಇಟಗಿ ಕಿಟಕಿಯ ಕಡೆ ನೋಡಿದರು. “ಕಾಶವ್ವ ಅಂತ ಇತ್ತೇನೋ. ಹಳೇದಾತು ಅಂತ ನಮ್ಮವ್ವ ರಾಜೇಶ್ವರಿ ಅಂತ ಇಡಿಸಿದ್ಲು.” ಅನುಮಾನ ಬಂದು ಮನೆಗೆ ಫೋನ್ ಮಾಡಿದರು. “ಲೇ ಇಕಿನ, ಮದಲ ನಿನ್ನ ಹೆಸರೇನಿತ್ತಲೇ?” ಆ ಕಡೆಯಿಂದ ದೊಡ್ಡ ನಗು ಬಂತು. ನಗು ಮುಗಿಯುವವರೆಗೆ ಅವರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡಿದ್ದರು.

“ಕಾಶವ್ವ ನಮ್ಮಣ್ಣನ ಹೇಣ್ತಿದಂತ. ಇಕಿದು ಗೌರವ್ವ.”

ದಾಕ್ಷಾಯಿಣಿ ಹುಡುಕಿದಳು. ಗೌರವ್ವನ ಮುಂದೆಯೂ ತೆರವು ಎಂದೇ ಇತ್ತು.

ಸಮಿತಿಯಲ್ಲಿ ಹನ್ನೊಂದು ಜನ ಇದ್ದರು. ಧಾರವಾಡ, ಗದಗ, ಬೆಳಗಾವಿಯವರೇ ಎಲ್ಲರೂ. ಎಲ್ಲರ ಮದುವೆಯಲ್ಲೂ ಅಕ್ಕಿಯ ಮೇಲೆ ಹೆಂಡತಿಯ ಹೊಸ ಹೆಸರು ಬರೆದಿತ್ತು. ಬರೆದವರೂ ಅವರೇ. ಮೈಸೂರು ಕಡೆಯವನೊಬ್ಬ ಈ ನಿಯಮ ಮಾಡಿದ್ದರೆ ಪದ್ಧತಿ ಗೊತ್ತಿಲ್ಲದವನು ಎಂದು ಬಿಡಬಹುದಿತ್ತು. ಇವರಿಗೆ ಗೊತ್ತಿತ್ತು. ಆದರೆ ಬರೆದ ಮೇಲೆ ಅಕ್ಕಿಯನ್ನು ಮತ್ತೆ ಚೀಲಕ್ಕೆ ಸುರಿದಿದ್ದರು. ಹಳೆಯ ಹೆಸರಿನವಳು ಎಲ್ಲಿ ಹೋದಳು ಎಂದು ಯೋಚಿಸುವ ಸಂದರ್ಭ ಮೂವತ್ತು ವರ್ಷದಲ್ಲಿ ಒಬ್ಬರಿಗೂ ಬಂದಿರಲಿಲ್ಲ.

*

ಮೂಲ ಪ್ರತಿ ಎರಡು ಕಡೆ ಇರುತ್ತದೆ. ಒಂದು ಸರ್ವರಿನಲ್ಲಿ. ಇನ್ನೊಂದು ಅಂಗೈಯಗಲದ ಗಾಜಿನ ತಟ್ಟೆಯಲ್ಲಿ, ಬೆಳಕಿನಿಂದ ಕೊರೆದದ್ದು. ಸರ್ವರಿನದನ್ನು ಅಳಿಸಬಹುದು. ಗಾಜಿನದನ್ನು ಅಳಿಸಲು ಬರುವುದಿಲ್ಲ, ಒಡೆಯಬೇಕು. ತೆರವಾದ ತಟ್ಟೆಗಳು ಊರ ಹೊರಗಿನ ಗೋದಾಮಿನಲ್ಲಿ ಒಡೆಯುವ ಟೆಂಡರಿಗೆ ಕಾಯುತ್ತಿದ್ದವು. ಯಾರದು ಯಾವ ತಟ್ಟೆಯಲ್ಲಿದೆ ಎಂಬ ಸೂಚಿಯನ್ನು ಮಾತ್ರ ಮೊದಲೇ ಅಳಿಸಿದ್ದರು. ತಟ್ಟೆಗಳ ಅಂಚಿನಲ್ಲಿ ಶಿಬಿರದ ಊರು, ತಾರೀಖು ಇದ್ದವು. ಹೆಸರು ಇರಲಿಲ್ಲ.

ಸೇರ್ಪಡೆಗಳಿಗೆ ಗಾಜು ದುಬಾರಿ ಎಂದು ಅವನ್ನು ಡಿಸ್ಕಿನಲ್ಲಷ್ಟೇ ಇಟ್ಟಿದ್ದರು. ಮೂಲ ತೆರವಾಗಿ ಒಂದು ವರ್ಷಕ್ಕೆ ಯಂತ್ರ ಅವನ್ನು ತಾನೇ ಅಳಿಸುತ್ತದೆ. ಆ ಒಂದು ವರ್ಷ ಮುಂದಿನ ತಿಂಗಳ ಮೊದಲ ತಾರೀಖಿಗೆ ಮುಗಿಯುತ್ತಿತ್ತು.

“ತಡೆ ಹಾಕ್ರಿ ಸರ್,” ದಾಕ್ಷಾಯಿಣಿ ಅಂದಳು.

“ಎಲ್ಲಾದಕ್ಕೂ ಹಾಕೂದ ನನ್ನ ಕೈಯಾಗಿಲ್ಲ. ಬೆಂಗಳೂರಿಗೆ ಬರೀಬೇಕು. ನಿಮ್ಮವ್ವಂದಕ್ಕ ಹಾಕತೀನಿ.”

ಅವಳ ಎದುರಿಗೇ ಹಾಕಿದರು. ಯಂತ್ರ ಯಾರಿಗೆ ಎಂದು ಕೇಳಿತು. ಇಟಗಿ ಟೈಪ್ ಮಾಡಿದರು: ಸುಮಿತ್ರಾ, ಗಂಡ ಮಹಾದೇವಪ್ಪ. ತಡೆ ಬಿತ್ತು. ಅವಳು ಸಮಾಧಾನದಿಂದ ಹೊರಬಂದು ಮಾವನಿಗೆ ಫೋನ್ ಮಾಡಿದಳು.

“ಮಾಮಾ, ಅವ್ವ ಟೋಪಿ ಹಾಕ್ಕೊಂಡ ಶಿಬಿರ ಎಲ್ಲೆ? ಯಾವಾಗ?”

“ನರಗುಂದದ ಹೆಣ್ಣಮಕ್ಕಳ ಸಾಲ್ಯಾಗ. ಸೀಗಿ ಹುಣ್ಣಿಮಿ ಮರದಿನ.”

“ಖರೇನಾ?”

“ಖರೇ ಅಂದ್ರ? ಹಿಂದಿನ ದಿನ ಹೊಲದಾಗ ಉಂಡ ಮ್ಯಾಲ ಉಳದಿದ್ದ ಕಡಬ, ಎಣ್ಣಿ ಹೋಳಗಿ ಕಟಗೊಂಡು ಟ್ರ್ಯಾಕ್ಟರ್‌ನ್ಯಾಗ ಹೋಗಿದ್ವಿ. ತಲಿಗೆ ಎಣ್ಣಿ ಹಚಗೊಂಡ ಬಂದೀ ಅಂತ ಆ ನರ್ಸ್‌ಬಾಯಿ ಅಕ್ಕನ್ನ ಬೈದ್ಲು. ಅಕ್ಕ ಸಾಲಿ ನಳಕ್ಕ ತಲಿ ಒಡ್ಡಿ ತೊಳಕೊಂಡು ಕುಂತ್ಲು. ನಾ ಹೊರಗ ಕುಂತು ಅಕಿ ಪಾಲಿನ ಕಡಬೂ ತಿಂದೆ. ಮುಂದಿನ ವೈಶಾಖಕ್ಕ ಮದವಿ.”

ಅವಳು ಆ ವರ್ಷದ ಪಂಚಾಂಗ ತೆಗೆದು ಸೀಗಿ ಹುಣ್ಣಿಮೆಯ ತಾರೀಖು ನೋಡಿದಳು. ಗೋದಾಮಿನಲ್ಲಿ ನರಗುಂದದ ಆ ಮರುದಿನದ ತಟ್ಟೆಗಳು ಒಂದು ಪ್ಲಾಸ್ಟಿಕ್ ಕ್ರೇಟಿನ ತುಂಬ ಇದ್ದವು, ಹಾಲಿನ ಕ್ರೇಟಿನಂಥದು. ಒಂದೊಂದನ್ನೂ ಓದುವ ಯಂತ್ರಕ್ಕೆ ಹಾಕಿ ಕೇಳಿದಳು. ಹುಡುಗಿಯರ ಧ್ವನಿಗಳು. ಆಕಳು, ಕೊಡ, ಗುದ್ದಲಿ ಎಂದು ಚಿತ್ರಗಳ ಹೆಸರು ಹೇಳುತ್ತಿದ್ದರು. ಸುಳ್ಳು ಜಗಳ ಆಡಲು ಹೇಳಿದರೆ ಹೆಚ್ಚಿನವರು ನಾಚಿಕೊಂಡು ನಕ್ಕು ಸುಮ್ಮನಾಗುತ್ತಿದ್ದರು. ಇವರೆಲ್ಲ ಈಗ ಬೇರೆ ಹೆಸರಿನಲ್ಲಿ ಎಲ್ಲೆಲ್ಲೋ ಇದ್ದರು, ಮೂಲ ಇಲ್ಲದೆ.

ಮೂರನೇ ದಿನ ಮಧ್ಯಾಹ್ನ, ಮೂಲೆ ಮುಕ್ಕಾದ ಒಂದು ತಟ್ಟೆಯಲ್ಲಿ ಒಬ್ಬ ಹುಡುಗಿ ಹೇಳಿದಳು: “ತಲಿ ಇನ್ನಾ ಹಸೀನ ಐತ್ರಿ ಬಾಯಾರ. ನಡೀತೈತೇನ್ರಿ?”

ದಾಕ್ಷಾಯಿಣಿ ಆ ಸಾಲನ್ನು ಇನ್ನೊಂದು ಸಲ ಕೇಳಿದಳು. ತನ್ನ ತಾಯಿ ಯಾರಿಗಾದರೂ ಅಷ್ಟು ಮೆತ್ತಗೆ ಮಾತನಾಡಿದ್ದನ್ನು ಅವಳು ಕೇಳಿರಲಿಲ್ಲ.

ಯಂತ್ರ ಮೂಲವನ್ನು ಪೂರ್ತಿ ಓದಿತು. ಅದನ್ನು ತಾಯಿಗೆ ಜೋಡಿಸಬೇಕಾದರೆ ಇಬ್ಬರೂ ಒಬ್ಬಳೇ ಎಂದು ಯಂತ್ರಕ್ಕೆ ಹೇಳಬೇಕು. ತೆರವಾದ ಮೂಲದ ದಾಖಲೆಯಲ್ಲಿರುವ ಹೆಸರನ್ನು ತಿದ್ದಲು ಬರುವುದಿಲ್ಲ. ಆದ್ದರಿಂದ ಅವಳು ತಾಯಿಯ ದಾಖಲೆಯನ್ನೇ ತೆರೆದು, ಸುಮಿತ್ರಾ ಎಂಬುದನ್ನು ತೆಗೆದು ನೀಲಗಂಗಾ ಎಂದು ಹಾಕಿದಳು. ಗಂಡನ ಹೆಸರಿದ್ದಲ್ಲಿ ತಂದೆಯ ಹೆಸರು ಹಾಕಿದಳು. ಯಂತ್ರ ಒಪ್ಪಿತು. ‘ಮೂಲ ಪ್ರತಿ ಇದೆ’ ಎಂದು ತೋರಿಸಿತು. ಆರು ಸೇರ್ಪಡೆಗಳನ್ನು ಈ ಹೆಸರಿಗೆ ವರ್ಗ ಮಾಡಲು ಇಟಗಿಯವರ ಒಪ್ಪಿಗೆ ಬೇಕಿತ್ತು. ಅವರು ಅವತ್ತು ಗದಗಿನಲ್ಲಿ ಒಂದು ಸೀಮಂತಕ್ಕೆ ಹೋಗಿದ್ದರು. ನಾಳೆ ಮಾಡಿಸಿದರಾಯಿತು, ತಡೆ ಹೇಗೂ ಇದೆ ಎಂದು ಮನೆಗೆ ಹೋದಳು. ತಾಯಿಯ ಕುರ್ಚಿಯ ಪಕ್ಕ ಕೂತು ಹೊಟ್ಟೆ ತುಂಬ ಊಟ ಮಾಡಿದಳು.

ನಾಳೆ ಒಂದನೇ ತಾರೀಖು.

ಬೆಳಿಗ್ಗೆ ಕೆಲಸಕ್ಕೆ ಹೋದಾಗ ಪರದೆಯ ಮೇಲೆ ಎರಡು ಸಾಲು ಬಂದಿದ್ದವು. ಮೊದಲನೆಯದು: ‘ಸುಮಿತ್ರಾ, ಗಂಡ ಮಹಾದೇವಪ್ಪ: ವ್ಯಕ್ತಿ ಅಸ್ತಿತ್ವದಲ್ಲಿಲ್ಲ. ತಡೆ ರದ್ದು.’ ಎರಡನೆಯದು: ‘ಸೇರ್ಪಡೆ ಆರು. ತೆರವು.’

ಇಟಗಿ ಬಂದು ನೋಡಿದರು. ಅವರು ತಡೆಯನ್ನು ಹೆಸರಿನ ಮೇಲೆ ಹಾಕಿದ್ದರು. ಅವಳು ಹೆಸರನ್ನು ತೆಗೆದಿದ್ದಳು.

ಬಳ್ಳಾರಿಯ ಜೋಡಿ ಕೇಂದ್ರಕ್ಕೆ ಫೋನ್ ಮಾಡಿದಳು. ಇಲ್ಲಿ ಇರುವುದೆಲ್ಲ ಅಲ್ಲಿಯೂ ಇರುತ್ತದೆ. ಯೋಜನೆಯ ಜಾಹೀರಾತಿನಲ್ಲಿ ‘ಇಮ್ಮಡಿ ಭದ್ರ’ ಎಂದು ಬರೆದದ್ದು ಅದಕ್ಕೇ.

“ನಿಮ್ಮಲ್ಲಿ ಅಳಿಸಿದ್ರೆ ಐದು ನಿಮಿಷದಾಗ ನಮ್ಮಲ್ಲೂ ಅಳಿಸಿ ಹೋಗ್ತೈತಿ ಮೇಡಂ,” ಆ ಕಡೆಯವನು ಹೇಳಿದ. “ಇದು ಕನ್ನಡಿ ಇದ್ದಂಗ.”

“ಮತ್ತ ಬ್ಯಾಕಪ್ ಅಂತ ಯಾಕ ಕರೀತೀರಿ?”

“ನಾವ್ ಎಲ್ಲಿ ಕರದೀವಿ? ನೀವ ಕರೀತೀರಿ.”

ಅಳಿಸಿದ ಫೈಲು ಕೂಡಲೇ ಹೋಗುವುದಿಲ್ಲ. ಅದರ ಜಾಗ ಖಾಲಿ ಎಂದು ಗುರುತಾಗುತ್ತದೆ. ಆ ಜಾಗಕ್ಕೆ ಬೇರೆಯವರದು ಬಂದು ಕೂತಾಗ ನಿಜವಾಗಿ ಹೋಗುತ್ತದೆ. ಅವಳು ಡಿಸ್ಕುಗಳನ್ನು ಹೊರಗೆ ತೆಗೆದು ಖಾಲಿ ಎಂದಿದ್ದ ಜಾಗಗಳನ್ನು ಒಂದೊಂದಾಗಿ ಓದಿಸಿದಳು. ಒಂದನೇ ತಾರೀಖು ಎಲ್ಲ ತಾಲ್ಲೂಕುಗಳ ಹೊಸ ಸೇರ್ಪಡೆಗಳು ಬಂದು ಬೀಳುವ ದಿನ. ಸಿಕ್ಕಿದ್ದು ಚೂರುಗಳು. ಎಲ್ಲಿಯೂ ಜೋಡಿಸಲು ಬಾರದವು. ಒಂದು ಚೂರಿನಲ್ಲಿ ‘ಉಪ್ಪು’ ಇತ್ತು. ಇನ್ನೊಂದರಲ್ಲಿ ಅವ್ವನ ಧ್ವನಿ ಅರ್ಧ ಉಸಿರಿನಷ್ಟು: “ಏ ದಾಕ್ಷೀ, ಎಷ್ಟ ಸಲ ಹೇಳ್ಲಿ…” ಏನನ್ನು ಎಷ್ಟು ಸಲ ಹೇಳಿದ್ದಳು ಎಂಬುದು ಇರಲಿಲ್ಲ. ಅಲ್ಲಿಂದ ಮುಂದೆ ಯಾರೋ ಸವದತ್ತಿಯ ಗಂಡಸು ಕಬ್ಬಿನ ಬಗ್ಗೆ ಮಾತನಾಡುತ್ತಿದ್ದ.

*

“ಮೂಲ ಒಂದೇ ಹಾಕಿದರೆ ಹದಿನೆಂಟು ವರ್ಷದವರೆಗಿನ ಮಾತು ಬರುತ್ತೆ,” ಡಾಕ್ಟರ್ ಸಿಂಧೂರ ಹೇಳಿದರು. ಅವರು ತುಮಕೂರಿನ ಕಡೆಯವರು. “ಆಮೇಲೆ ಕಲಿತ ಪದಗಳು, ಹೆಸರುಗಳು ಬರಲ್ಲ. ಹೊಸದಾಗಿ ಕಲಿಸಬಹುದು, ಆದರೆ ಈ ವಯಸ್ಸಲ್ಲಿ ನಿಲ್ಲಲ್ಲ. ಕಾಯೋಕೂ ಟೈಮಿಲ್ಲ. ಇನ್ನು ವಾರ ಬಿಟ್ಟರೆ ಅದೂ ಹೋಗುತ್ತೆ. ಪೇಷಂಟ್ ಒಪ್ಪಿಗೆ ಬೇಕು.”

ಅವರು ಹಾಸಿಗೆಯ ಕಡೆ ಬಗ್ಗಿ ಎಲ್ಲವನ್ನೂ ನಿಧಾನವಾಗಿ ವಿವರಿಸಿದರು. ಕೊನೆಗೆ ಕೇಳಿದರು: “ನಿಮ್ಮ ಒಪ್ಪಿಗೆ ಇದೆಯಾ?”

“ಆತು.”

“ಸರ್, ಅಕಿ ಎಲ್ಲಾದಕ್ಕೂ ಆತು ಅಂತಾಳ್ರಿ,” ದಾಕ್ಷಾಯಿಣಿ ಅಂದಳು. “ತಲಿ ಆಡಸೂದೂ ಹಂಗ. ಹೌದಂದ್ರೂ ಒಂದ, ಅಲ್ಲಂದ್ರೂ ಒಂದ.” ತಾಯಿಯ ಕಡೆ ತಿರುಗಿದಳು. “ಅವ್ವಾ, ಬ್ಯಾಡೇನು? ಹಿಂಗ ಇರ್ತಿಯೇನು?”

“ಆತು.”

“ನೋಡ್ರಿ.”

“ನಾನು ಬರೆದುಕೊಳ್ಳೋಕೆ ಒಂದು ಉತ್ತರ ಬೇಕಮ್ಮ,” ಡಾಕ್ಟರು ಅಂದರು. “ಬಂತಲ್ಲ.” ಬರೆದುಕೊಂಡರು.

ಅಪ್ಪ ಸಹಿ ಹಾಕಿದ. ಹೆಸರಿನ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ. ದಾಕ್ಷಾಯಿಣಿ ನೀಲಗಂಗಾ ಎಂದು ಹೇಳಿದಳು. “ಅದು ಯಾರು?” ಅಂದವನು ಅರ್ಧ ಬರೆದು, “ಹೂಂ, ಹೌದಲ್ಲ,” ಅಂದ.

*

ಎಳೆ ಇಳಿಸಿದ ಎರಡನೇ ವಾರಕ್ಕೆ ಮಾತು ಬಂತು. ಮೊದಲು ನೀರು ಕೇಳಿದಳು. ಆಮೇಲೆ ಕಿಟಕಿ ಮುಚ್ಚಿರಿ ಅಂದಳು. ನರ್ಸಿಗೆ ರೀ ಹಚ್ಚಿ ಮಾತನಾಡಿದಳು, ಆಯಾಳಿಗೂ. ನರಗುಂದದ ಕಡೆಯ ರಾಗ, ಸಾಲಿನ ಕೊನೆಗೆ ಸ್ವಲ್ಪ ಏರುವ ಧ್ವನಿ. ಆ ಧ್ವನಿಯಲ್ಲಿ ಐವತ್ತೊಂದು ವರ್ಷದ ಹೆಂಗಸು ಮಾತನಾಡುವುದನ್ನು ಕೇಳಿ ಮಾವ ಕಲ್ಲಪ್ಪ ಹೊರಗೆ ಹೋಗಿ ನಿಂತ.

ನೆನಪಿಗೆ ಏನೂ ಆಗಿರಲಿಲ್ಲ. ಖಾನಾವಳಿ ಗೊತ್ತಿತ್ತು, ಸಂದಿ ಗೊತ್ತಿತ್ತು, ಉದ್ರಿ ಬಾಕಿ ಉಳಿಸಿಕೊಂಡವರ ಮುಖಗಳೂ ಗೊತ್ತಿದ್ದವು. ಪದಗಳಿರಲಿಲ್ಲ. ಖಾನಾವಳಿಗೆ ‘ಆ ಊಟದ ಮನಿ’ ಅಂದಳು. ಗಲ್ಲಾಕ್ಕೆ ‘ರೊಕ್ಕದ ಪೆಟಗಿ’. ಅವಳು ಹುಡುಕಾಡಿ, ಸುತ್ತಿ ಬಳಸಿ ಹೇಳುತ್ತಿದ್ದಳು. ಹೇಳಿದ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದಳು.

“ಅವ್ವಾ, ನಾ ಯಾರು?” ದಾಕ್ಷಾಯಿಣಿ ಕೇಳಿದಳು.

“ನನ್ನ ಮಗಳು. ಒಬ್ಬಾಕೀನ. ಯಾಕ ಹಂಗ ಕೇಳ್ತಿ?”

“ನನ್ನ ಹೆಸರೇನು?”

ಅವ್ವ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

“ಗೊತ್ತೈತಿ. ನಾನ ಇಟ್ಟದ್ದು. ನಿಮ್ಮ ಆಯಿ, ನಮ್ಮತ್ತಿ, ಬ್ಯಾರೇದು ಇಡ್ತೀನಂದ್ರ ಜಗಳಾಡಿ ಇಟ್ಟೀನಿ. ಬಾಯಾಗ ಬರವಲ್ದು.”

ಹೇಳಿಕೊಟ್ಟರೆ ಹೇಳುತ್ತಿದ್ದಳು. ದಾಕ್ಷಾಯಿಣಿ, ದಾಕ್ಷಾಯಿಣಿ ಎಂದು ಬೆಳಿಗ್ಗೆ ಹತ್ತು ಸಲ ಹೇಳಿದರೆ ಸಂಜೆಗೆ ಹೋಗಿರುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ. ತಿಂಗಳು ಹೀಗೆ ನಡೆಯಿತು. ಒಂದು ದಿನ ಅವ್ವನೇ ಬೇಸತ್ತು, “ಹೋಗ್ಲಿ ಬಿಡ. ಮಗಳಾ ಅಂತೀನಿ, ನಡಿಯೂದಿಲ್ಲೇನು?” ಅಂದಳು. ನಡೆಯುತ್ತದೆ ಎಂದು ದಾಕ್ಷಾಯಿಣಿ ಹೇಳಿದಳು.

ಅಪ್ಪನಿಗೆ ನಷ್ಟವೇನೂ ಆಗಲಿಲ್ಲ. ಮದುವೆಯಾದಾಗಿನಿಂದ ಅವಳು ಅವನ ಹೆಸರು ಹೇಳಿದವಳಲ್ಲ, ಅವನೂ ‘ಏ, ಕೇಳಿಲ್ಲಿ’ ಎಂದೇ ಕರೆದವನು. ಅದು ಈಗಲೂ ಹಾಗೆಯೇ ನಡೆಯಿತು. “ಮಾತ ಬಂತಲ್ಲ, ಇನ್ನೇನ ಬೇಕು?” ಎಂದು ಬಂದವರಿಗೆಲ್ಲ ಹೇಳಿದ.

ಖಾನಾವಳಿಗೆ ಅವಳು ಮರಳಿ ಬಂದ ದಿನ ಹಂಚಿನಮನಿ ಮಾಸ್ತರರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಐದು ರೊಟ್ಟಿ ತಿಂದರು. ಎಲ್ಲರ ಕಡೆ ಒಮ್ಮೆ ನೋಡಿ ಆರನೆಯದಕ್ಕೆ ಕೈ ಎತ್ತಿದರು.

ಅವಳು ಎಡಗೈಯಲ್ಲಿ ಬುಟ್ಟಿ ಮುಂದೆ ಮಾಡಿದಳು. “ತಗೋರಿ ಅಜ್ಜಾರ. ಇನ್ನೊಂದ ಹಾಕ್ಲೇನ್ರಿ? ಪಲ್ಲೆ ಸಾಕೇನ್ರಿ?”

ಯಾರೂ ನಗಲಿಲ್ಲ. ಮಾಸ್ತರರು ರೊಟ್ಟಿಯನ್ನು ಮುರಿದರು. ತಿನ್ನಲಿಲ್ಲ. “ಸಾಕವಾ, ಹೊಟ್ಟಿ ತುಂಬ್ತು,” ಎಂದು ಎದ್ದು ಕೈ ತೊಳೆದರು. ಮರುವಾರದಿಂದ ಅವರು ಸ್ಟೇಷನ್ ರಸ್ತೆಯ ಖಾನಾವಳಿಗೆ ಹೋಗುತ್ತಾರೆ ಎಂದು ಯಾರೋ ಹೇಳಿದರು.

ಏನೋ ತಪ್ಪಿದೆ ಎಂದು ಅವ್ವನಿಗೆ ಅವತ್ತೇ ಗೊತ್ತಾಗಿತ್ತು. ಅವರು ಹೋದ ಮೇಲೆ ಅವರ ಜಾಗವನ್ನೇ ನೋಡುತ್ತ ಕೂತಿದ್ದಳು. “ಇವರಿಗೆ ನಾ ಏನೋ ಅಂತಿದ್ದೆ,” ಅಂದಳು. “ಅಂದ್ರ ನಗತಿದ್ರು. ಏನಂತಿದ್ದೆ ಮಗಳಾ?”

ದಾಕ್ಷಾಯಿಣಿ ಹೇಳಿದಳು. ಅವಳ ಬಾಯಲ್ಲಿ ಅದು ಬರೀ ರೊಟ್ಟಿಯ ಲೆಕ್ಕದಂತೆ ಕೇಳಿಸಿತು.

“ಅಷ್ಟಕ್ಕ ನಗತಿದ್ರಾ?” ಅವ್ವ ಕೇಳಿದಳು.

*

ಗಾಜಿನ ತಟ್ಟೆಗಳನ್ನು ಒಡೆಯಬಾರದು ಎಂದು ದಾಕ್ಷಾಯಿಣಿ ಬೆಂಗಳೂರಿಗೆ ಬರೆದಳು. ಉತ್ತರ ಬರುವ ಮೊದಲು ಇಟಗಿಯವರು ಹೆಂಡತಿಯನ್ನು ಕೇಳಿ ಶಿಬಿರದ ಊರು, ತಿಥಿ ತಿಳಿದುಕೊಂಡು ಗೌರವ್ವನ ತಟ್ಟೆಯನ್ನು ಹುಡುಕಿಸಿ ತೆಗೆದಿಟ್ಟುಕೊಂಡರು. ಸಮಿತಿಯ ಉಳಿದ ಹತ್ತು ಜನರೂ ಗೋದಾಮಿಗೆ ಆಳು ಕಳಿಸಿದರು. ಆಮೇಲೆ ಟೆಂಡರಿನವನ ಲಾರಿ ಬಂತು. ಪುಡಿಯನ್ನು ರಸ್ತೆಯ ಬಿಳಿ ಪಟ್ಟಿಯ ಬಣ್ಣಕ್ಕೆ ಬೆರೆಸುತ್ತಾರಂತೆ. ಉತ್ತರವೂ ಬಂತು: ವಿಷಯ ಪರಿಶೀಲನೆಯಲ್ಲಿದೆ.

ಗಾಜಿನಿಂದ ಮೂಲ ಹಿಂದಕ್ಕೆ ಪಡೆದ ಮೊದಲ ಪ್ರಕರಣ ಎಂದು ನೀಲಗಂಗಾಳ ವರದಿಯನ್ನು ಇಲಾಖೆ ಕೇಳಿತು. ಯಶಸ್ವಿ ಎಂದು ಬರೆಯಲು ಇಟಗಿ ಹೇಳಿದರು. ದಾಕ್ಷಾಯಿಣಿ ಯಶಸ್ವಿ ಎಂದು ಬರೆದಳು. ಕೆಳಗೆ ನಷ್ಟದ ವಿವರ ಎಂಬ ಜಾಗವಿತ್ತು. ಅದನ್ನೂ ತುಂಬಿದಳು.

ಒಡೆದ ತಟ್ಟೆಗಳಲ್ಲಿದ್ದ ಮೂಲ ಪ್ರತಿಗಳು: ಅರವತ್ತೊಂದು ಸಾವಿರದ ಇನ್ನೂರ ತೊಂಬತ್ತೈದು. ಉಳಿದವು: ಹನ್ನೆರಡು. ಈ ಪ್ರಕರಣದಲ್ಲಿ ಹೋದ ಸೇರ್ಪಡೆಗಳು: ಆರು. ಅವುಗಳಲ್ಲಿದ್ದ ಪದಗಳು: ಒಂಬತ್ತು ಸಾವಿರದ ನೂರಾ ನಲವತ್ತು. ಅದರಲ್ಲಿ ಮನುಷ್ಯರ ಹೆಸರುಗಳು: ನಾನೂರ ಹನ್ನೆರಡು. ಅದರಲ್ಲಿ ಮಗಳದು: ಒಂದು.